ನೀರಿದೆ ಈಜಿಲ್ಲ, ದಾರಿಯಿದೆ ಹಕ್ಕಿಲ್ಲ: ಮಲೆನಾಡಿನ ಆಫ್‌ರೋಡ್ ಟ್ರಯಥ್ಲಾನ್ ಎತ್ತುವ ಪ್ರಶ್ನೆಗಳು

ಕೊಪ್ಪ ತಾಲ್ಲೂಕಿನ ಜಯಪುರದಲ್ಲಿ ಯಾರ ಹತ್ತಿರವಾದರೂ ‘ಆಫ್‌ರೋಡ್’ ಅಂದು ನೋಡಿ. ಅವರಿಗೆ ಮೊದಲು ನೆನಪಾಗೋದು ಜೀಪು. ವೀಕೆಂಡ್ ಬಂತೆಂದರೆ ಹೋಮ್‌ಸ್ಟೇ ಗಿರಾಕಿಗಳನ್ನು ತುಂಬಿಕೊಂಡು ಕೆಸರು ಹಾರಿಸುತ್ತಾ ಗುಡ್ಡ ಹತ್ತುವ ಜೀಪು. ಆದರೆ ಈ ಪದಕ್ಕೆ ಎಂಜಿನ್ ಇಲ್ಲದ ಇನ್ನೊಂದು ಅರ್ಥವೂ ಇದೆ. ಕೆರೆಯಲ್ಲೋ ಸಮುದ್ರದಲ್ಲೋ ಈಜಿ, ದಡಕ್ಕೆ ಬಂದು ಮೌಂಟೇನ್ ಬೈಕ್ ಹತ್ತಿ ಮಣ್ಣುದಾರಿ ತುಳಿದು, ಅದನ್ನು ಇಳಿದು ಗುಡ್ಡದ ಕಾಲುದಾರಿಯಲ್ಲಿ ಓಡುವುದು. ಮೂರೂ ಒಂದರ ಹಿಂದೆ ಒಂದು, ನಡುವೆ ಗಡಿಯಾರ ನಿಲ್ಲೋದಿಲ್ಲ. ಇದೇ ಆಫ್‌ರೋಡ್ ಟ್ರಯಥ್ಲಾನ್. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಶುರುವಾದ ‘ಎಕ್ಸ್‌ಟೆರಾ’ ಸರಣಿ ಇದಕ್ಕೆ ಹೆಸರು ತಂದುಕೊಟ್ಟಿತು. ಅದರ ಪೂರ್ಣ ಪ್ರಮಾಣದ ಸ್ಪರ್ಧೆ ಅಂದರೆ 1.5 ಕಿ.ಮೀ. ಈಜು, ಸುಮಾರು 30 ಕಿ.ಮೀ. ಸೈಕಲ್, ಸುಮಾರು 10 ಕಿ.ಮೀ. ಓಟ.

ನಾನು ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಪತ್ರಿಕೋದ್ಯಮಕ್ಕೆ ಬಂದವನು. ಕೆಲವು ವರ್ಷಗಳಿಂದ ಈ ಆಟದ ಹುಚ್ಚು ಹತ್ತಿಸಿಕೊಂಡಿರುವ ಹವ್ಯಾಸಿ. ಪದಕದ ಆಸೆ ಇಲ್ಲ, ಕಟ್-ಆಫ್ ಟೈಮ್ ಒಳಗೆ ಮುಗಿಸಿದರೆ ನನಗೆ ಅದೇ ಹಬ್ಬ. ಜಯಪುರದ ಸುತ್ತಮುತ್ತ ತಯಾರಿ ನಡೆಸುತ್ತಾ ನನಗೆ ಅರ್ಥವಾಗಿದ್ದು ಇಷ್ಟು: ಈ ಆಟಕ್ಕೆ ಮೂರು ವಸ್ತು ಬೇಕು. ಜೀವಕ್ಕೆ ಅಪಾಯವಿಲ್ಲದ ನೀರು, ನಡೆಯೋಕೆ ಹಕ್ಕಿರುವ ದಾರಿ, ಬಿದ್ದರೆ ಎತ್ತಿಕೊಳ್ಳುವ ವ್ಯವಸ್ಥೆ. ಈ ಮೂರೂ ಅಥ್ಲೀಟ್‌ಗಳಿಗೆ ಮಾತ್ರ ಬೇಕಾದವಲ್ಲ. ಶಾಲೆಗೆ ಹೋಗುವ ಮಗುವಿಗೆ, ತೋಟಕ್ಕೆ ಹೋಗುವ ಕೂಲಿಗೆ, ಸೊಪ್ಪು ತರಲು ಬೆಟ್ಟ ಹತ್ತುವ ಹೆಂಗಸಿಗೆ ಬೇಕಾದವೂ ಇವೇ. ಹಾಗಾಗಿ ಇದನ್ನು ಕ್ರೀಡಾ ಪುಟಕ್ಕೆ ಬಿಟ್ಟು ಸುಮ್ಮನಿರಲು ಆಗಲ್ಲ.

ಸಂಸದರ ಫಿನಿಶ್ ಲೈನ್

2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಐರನ್‌ಮ್ಯಾನ್ 70.3 ಮುಗಿಸಿದರು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಪ್ರಧಾನಿಯೇ ಅಭಿನಂದಿಸಿದರು. ಅವರ ರಾಜಕೀಯ ನಿಮಗೆ ಇಷ್ಟವಿರಲಿ ಬಿಡಲಿ, ಆ ದೂರ ಮುಗಿಸೋಕೆ ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಡಬೇಕು. ಆ ಶ್ರಮವನ್ನು ಅಲ್ಲಗಳೆಯುವುದು ಸಣ್ಣತನ.

ಪ್ರಶ್ನೆ ಇರೋದು ಬೇರೆ ಕಡೆ. 2019ರ ಆಗಸ್ಟ್ 29ರಂದು ‘ಫಿಟ್ ಇಂಡಿಯಾ’ ಶುರುವಾದಾಗಿನಿಂದ ನಮ್ಮಲ್ಲಿ ಆರೋಗ್ಯ ಅನ್ನೋದು ವ್ಯಕ್ತಿಯ ಇಚ್ಛಾಶಕ್ತಿಯ ವಿಷಯ ಆಗಿಬಿಟ್ಟಿದೆ. ಮನಸ್ಸು ಮಾಡಿ, ಎದ್ದು ಓಡಿ, ಫೋಟೊ ಹಾಕಿ. ಆದರೆ ಓಡೋಕೆ ಮನಸ್ಸಿನ ಜೊತೆ ಜಾಗವೂ ಬೇಕಲ್ವ? ಗೋವಾದ ರೇಸ್ ದಿನ ರಸ್ತೆಯ ಟ್ರಾಫಿಕ್ ತಡೆಯುತ್ತಾರೆ, ಸಮುದ್ರದಲ್ಲಿ ಈಜುಗಾರರ ಪಕ್ಕ ಕಯಾಕ್‌ನಲ್ಲಿ ಲೈಫ್‌ಗಾರ್ಡ್ ಇರ್ತಾರೆ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುತ್ತೆ. ದುಡ್ಡು ಕೊಟ್ಟವರಿಗೆ ಒಂದು ದಿನದ ಮಟ್ಟಿಗೆ ಸಿಗುವ ಈ ವ್ಯವಸ್ಥೆ, ಅದೇ ನೀರು ಅದೇ ದಾರಿಯ ಪಕ್ಕ ಬದುಕುವವರಿಗೆ ವರ್ಷದ 365 ದಿನ ಯಾಕೆ ಇಲ್ಲ?

ಮೊದಲ ಪಾಠ: ನೀರು

ಶೃಂಗೇರಿ, ಹರಿಹರಪುರದಲ್ಲಿ ತುಂಗೆ. ಬಾಳೆಹೊನ್ನೂರಿನಲ್ಲಿ ಭದ್ರೆ. ನರಸಿಂಹರಾಜಪುರದ ಮಗ್ಗುಲಲ್ಲೇ ಭದ್ರಾ ಜಲಾಶಯದ ಹಿನ್ನೀರು. ಇದರ ಜೊತೆ ಪ್ರತಿ ತೋಟಕ್ಕೂ ಸ್ಪ್ರಿಂಕ್ಲರ್‌ಗೆ ನೀರು ಕೊಡುವ ಒಂದು ಕೆರೆ. ಇಷ್ಟು ನೀರಿನ ನಡುವೆ ಬೆಳೆದ ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತೆ ಅಂತ ಕೇಳಿ ನೋಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಬಾಳೆದಿಂಡು ಅಪ್ಪಿಕೊಂಡು ಕಲಿಯುತ್ತಿದ್ದರು. ಈಗ ಮಕ್ಕಳನ್ನು ನೀರಿನ ಹತ್ತಿರ ಬಿಡಲ್ಲ. ಬಿಡದಿರುವುದಕ್ಕೆ ಕಾರಣವೂ ಇದೆ. ಹೊಳೆಯಲ್ಲಿ ಮರಳು ತೆಗೆದು ಆಳವಾದ ಗುಂಡಿ ಎಲ್ಲಿದೆ, ಸುಳಿ ಎಲ್ಲಿದೆ ಅಂತ ಹೇಳುವ ಹಿರಿಯರು ಜೊತೆಗಿಲ್ಲ. ಅದನ್ನು ಕಲಿಸುವ ಶಾಲೆ ಅಂತೂ ಇಲ್ಲವೇ ಇಲ್ಲ.

ನಾನು ಈಜು ಕಲಿತದ್ದು ಹೊಳೆಯ ಪಕ್ಕದ ನಮ್ಮೂರಲ್ಲಲ್ಲ, ಹೊಳೆಯೇ ಇಲ್ಲದ ಬೆಂಗಳೂರಲ್ಲಿ, ತಿಂಗಳ ಫೀಸು ಕೊಟ್ಟು, ಕ್ಲೋರಿನ್ ವಾಸನೆಯ ಕೊಳದಲ್ಲಿ. ಇದಕ್ಕಿಂತ ವಿಚಿತ್ರ ಇನ್ನೇನು ಬೇಕು? ಕೊಳದಲ್ಲಿ ನೆಲದ ಮೇಲೆ ಗೆರೆ ಇರುತ್ತೆ, ಸುಸ್ತಾದರೆ ಹಿಡಿಯೋಕೆ ಅಂಚು ಇರುತ್ತೆ. ಕೆರೆಯ ನೀರಲ್ಲಿ ಮೂರಡಿ ಆಚೆ ಕಾಣೋದಿಲ್ಲ. ಪ್ರತಿ ಎಂಟು ಹತ್ತು ಸ್ಟ್ರೋಕಿಗೆ ತಲೆ ಎತ್ತಿ ಎದುರು ದಡದ ಒಂದು ಮರವನ್ನು ಗುರುತು ಹಿಡಿದು ಈಜಬೇಕು. ಸೊಂಟಕ್ಕೆ ಕಟ್ಟಿದ ಕಿತ್ತಳೆ ಬಣ್ಣದ ತೇಲುಬುರುಡೆ ಇಲ್ಲದೆ, ದಡದಲ್ಲಿ ಈಜು ಬಲ್ಲ ಒಬ್ಬರು ಇಲ್ಲದೆ ನಾನು ತೆರೆದ ನೀರಿಗೆ ಇಳಿಯಲ್ಲ. ಆ ಬುರುಡೆಯ ಬೆಲೆ ಒಂದು ಜೊತೆ ರನ್ನಿಂಗ್ ಶೂಗಿಂತ ಎಷ್ಟೋ ಕಡಿಮೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ ದೇಶದಲ್ಲಿ ವರ್ಷಕ್ಕೆ 35,000ಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯುತ್ತಾರೆ. ಬೇಸಿಗೆ ರಜೆಯಲ್ಲಿ ‘ಈಜಲು ಹೋದ ವಿದ್ಯಾರ್ಥಿಗಳು ನೀರುಪಾಲು’ ಅನ್ನೋ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಮಾಮೂಲಿ ಅಂದರೆ ಓದಿ ಪುಟ ತಿರುಗಿಸುತ್ತೇವೆ. ಸರ್ಕಾರದ ಉತ್ತರವೂ ಮಾಮೂಲಿ: ‘ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ’ ಅನ್ನೋ ಒಂದು ಬೋರ್ಡು. ಶೃಂಗೇರಿಯ ಸ್ನಾನಘಟ್ಟದಲ್ಲಿ ಮೀನುಗಳಿಗೆ ಶ್ರದ್ಧೆಯೇ ರಕ್ಷಣೆ, ಯಾರೂ ಬಲೆ ಹಾಕಲ್ಲ. ಒಂದು ಸಮಾಜ ಮನಸ್ಸು ಮಾಡಿದರೆ ಹೊಳೆಯ ಒಂದು ತುಂಡನ್ನು ಸುರಕ್ಷಿತವಾಗಿ ಇಡಬಹುದು ಅನ್ನೋದಕ್ಕೆ ಅದೇ ಸಾಕ್ಷಿ. ಮಕ್ಕಳಿಗಾಗಿ ಅಂಥದ್ದೇ ಒಂದು ತುಂಡು ಯಾಕೆ ಇಲ್ಲ?

ಜೊತೆಗೆ ನೀರು ಯಾರದ್ದು ಅನ್ನೋ ಪ್ರಶ್ನೆ ನಮ್ಮ ದೇಶದಲ್ಲಿ ಯಾವತ್ತೂ ಬರೀ ಸುರಕ್ಷತೆಯದ್ದಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು ಬಾಯಾರಿಕೆಗಲ್ಲ. ಕೆರೆಗೆ ಇಳಿಯುವ ಹಕ್ಕೇ ಇರದಿದ್ದ ಸಮುದಾಯಗಳಲ್ಲಿ ಈಜು ತಲೆಮಾರಿನಿಂದ ತಲೆಮಾರಿಗೆ ದಾಟುವುದಾದರೂ ಹೇಗೆ?

ಎರಡನೇ ಪಾಠ: ದಾರಿ

ಸೈಕಲ್ ಮತ್ತು ಓಟಕ್ಕೆ ಬೇಕಿರುವುದು ಮಣ್ಣುದಾರಿ. ಜಯಪುರದ ಸುತ್ತ ಅದಕ್ಕೇನೂ ಕೊರತೆ ಇಲ್ಲ. ತೋಟದ ದಾರಿ, ಗದ್ದೆಯ ಅಂಚು, ಹಳೆಯ ಗಾಡಿದಾರಿ, ಸೊಪ್ಪಿನ ಬೆಟ್ಟದ ಕಾಲುದಾರಿ. ಆದರೆ 20 ಕಿ.ಮೀ. ಸುತ್ತು ಒಂದನ್ನು ನಕ್ಷೆಯಲ್ಲಿ ಹಾಕಿ ನೋಡಿ. ಶುರುವಿನ ತುಂಡು ಪಂಚಾಯಿತಿಯದ್ದು, ಆಮೇಲೆ ಕಾಫಿ ಎಸ್ಟೇಟಿನ ಗೇಟು, ಆಮೇಲೆ ಕಂದಾಯ ಭೂಮಿ, ಮುಂದೆ ಡೀಮ್ಡ್ ಫಾರೆಸ್ಟ್, ಅದರಾಚೆ ಸೆಕ್ಷನ್ 4 ಜಾಗ, ಇನ್ನೂ ಮುಂದೆ ಹೋದರೆ ಮೀಸಲು ಅರಣ್ಯ, ಪಶ್ಚಿಮಕ್ಕೆ ತಿರುಗಿದರೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕಾಲಿಗೆ ಅದೇ ಮಣ್ಣು. ಕಾನೂನಿಗೆ ಏಳು ಬೇರೆ ಬೇರೆ ನೆಲ.

ಈ ಮೂರು ತಾಲ್ಲೂಕಿನ ಜನಕ್ಕೆ ‘ಸೆಕ್ಷನ್ 4’ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಹೊರಗಿನ ಓದುಗರಿಗಾಗಿ: 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ ಅಂದರೆ ‘ಈ ಜಾಗವನ್ನು ಮೀಸಲು ಅರಣ್ಯ ಮಾಡಬೇಕೆಂದಿದ್ದೇವೆ’ ಅನ್ನೋ ಪ್ರಾಥಮಿಕ ಘೋಷಣೆ. ಸೆಕ್ಷನ್ 17 ಅಂತಿಮ ಘೋಷಣೆ. ಇವೆರಡರ ನಡುವೆ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕುಗಳ ಬಗ್ಗೆ ವಿಚಾರಣೆ ನಡೆಸಬೇಕು. ನಮ್ಮಲ್ಲಿ ಎಷ್ಟೋ ಕಡೆ ಈ ‘ನಡುವೆ’ ದಶಕಗಳಷ್ಟು ಉದ್ದವಾಗಿದೆ. ಚುನಾವಣೆ ಬಂದಾಗಲೆಲ್ಲ ಇದರ ಬಗ್ಗೆ ಭಾಷಣ ಆಗುತ್ತೆ. ಚರ್ಚೆ ಮಾತ್ರ ಒತ್ತುವರಿ ಮತ್ತು ಹಕ್ಕುಪತ್ರದ ಸುತ್ತಲೇ ಸುತ್ತುತ್ತೆ. ದಾರಿಯ ಹಕ್ಕು ಕೂಡ ಆ ವಿಚಾರಣೆಯಲ್ಲಿ ದಾಖಲಾಗಬೇಕಾದ ಹಕ್ಕುಗಳಲ್ಲಿ ಒಂದು ಅನ್ನೋದು ಯಾರ ಬಾಯಲ್ಲೂ ಬರಲ್ಲ.

ಗ್ರಾಮ ನಕಾಶೆಯಲ್ಲಿ ಚುಕ್ಕಿ ಗೆರೆಯಲ್ಲಿ ತೋರಿಸಿರುವ ಕಾಲುದಾರಿಗಳನ್ನು ನೀವು ನೋಡಿರಬಹುದು. ‘ನಕಾಶೆ ಕಂಡ ದಾರಿ’ ಅನ್ನೋದು ನಮ್ಮ ತಹಶೀಲ್ದಾರ್ ಕಚೇರಿಗಳಲ್ಲಿ ದಿನಾ ಕೇಳಿಬರುವ ಮಾತು. ಅದನ್ನು ಮುಚ್ಚಿದರೆ ದೂರು ಕೊಡಬಹುದು. ನಕಾಶೆಯಲ್ಲಿ ಇಲ್ಲದ, ಆದರೆ ತಲೆಮಾರುಗಳಿಂದ ಬಳಸಿದ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆ ಇದೆ, ಆದರೆ ಅದಕ್ಕೆ ಕೋರ್ಟಿಗೆ ಅಲೆಯಬೇಕು. ಯಾರ ಕೈಲಾಗುತ್ತೆ? ಎಸ್ಟೇಟು ಕೈ ಬದಲಾದಾಗ, ರೆಸಾರ್ಟ್ ಬಂದಾಗ, ಮೊದಲು ಬೀಳೋದು ಗೇಟು. ನನಗೂ ಒಂದು ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದು ‘ಹೊರಗಿನವರಿಗೆ ಎಂಟ್ರಿ ಇಲ್ಲ ಸಾರ್’ ಅಂದ. ನನಗೆ ಬೇರೆ ದಾರಿ ಹುಡುಕಿಕೊಳ್ಳೋದು ದೊಡ್ಡ ಮಾತಲ್ಲ. ಆ ಗೇಟಿನಾಚೆ ಮನೆ ಇರುವವರಿಗೆ ಅದು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ.

ಅರಣ್ಯ ಇಲಾಖೆಯ ಮಾತಿಗೂ ನ್ಯಾಯ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲಕ್ಕೆ ನುಗ್ಗಿದ ಜನಜಂಗುಳಿಯ ವಿಡಿಯೊ ನೋಡಿದವರು ಯಾರೂ ನಿಯಂತ್ರಣ ಬೇಡ ಅನ್ನಲ್ಲ. ಅದಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕ್ಕಿಂಗ್, ದಿನದ ಮಿತಿ ಎಲ್ಲ ಬಂತು. ಸರಿಯೇ. ಆದರೆ ಈ ವ್ಯವಸ್ಥೆಗೆ ಗೊತ್ತಿರುವುದು ಒಂದೇ ಬಗೆಯ ಕಾಲು: ದೂರದಿಂದ ಬಂದು, ದುಡ್ಡು ಕೊಟ್ಟು, ಫೋಟೊ ತೆಗೆದುಕೊಂಡು ಹೋಗುವ ಪ್ರವಾಸಿಯ ಕಾಲು. ಪಕ್ಕದ ಊರಿನ ಹುಡುಗಿ ದಿನಾ ಬೆಳಿಗ್ಗೆ ಓಡೋಕೆ ಬರ್ತೀನಿ ಅಂದರೆ ಅವಳಿಗೆ ಆ ವೆಬ್‌ಸೈಟಿನಲ್ಲಿ ಯಾವ ಕಾಲಂ ಇದೆ?

ಈ ಭಾಗದಲ್ಲಿ ಕಾಡಿನ ದಾರಿಗೆ ಇನ್ನೊಂದು ನೆನಪೂ ಇದೆ. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಎನ್‌ಕೌಂಟರ್ ಆದ ಮೇಲೆ ಹೆಚ್ಚೂಕಡಿಮೆ ಎರಡು ದಶಕ ಇಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡ ಹತ್ತುವವರೆಲ್ಲ ಅನುಮಾನಿತರೇ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಶರಣಾದರು. ಅದರ ಬೆನ್ನಿಗೇ ಅವರು ಅಡಗಿಸಿಟ್ಟಿದ್ದ ಬಂದೂಕುಗಳು ಸಿಕ್ಕಿದ್ದು ಜಯಪುರ ಠಾಣೆ ವ್ಯಾಪ್ತಿಯ ಮೇಗೂರು ಕಾಡಿನಲ್ಲಿ. ಬಂದೂಕು ಕಾಡಿನಿಂದ ಹೊರಗೆ ಬಂತು. ಹಾಗಾದರೆ ಇನ್ನಾದರೂ ಆ ದಾರಿಯಲ್ಲಿ ಊರಿನವರು ನಿರ್ಭಯವಾಗಿ ಓಡಾಡಬಹುದಾ ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಬೇರೆ ದೇಶಗಳಲ್ಲಿ ಇದು ಹೋರಾಟದಿಂದಲೇ ಬಗೆಹರಿದ ವಿಷಯ. 1932ರ ಏಪ್ರಿಲ್ 24ರಂದು ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಕಾರ್ಮಿಕರು ಬೇಕಂತಲೇ ಅತಿಕ್ರಮವಾಗಿ ನುಗ್ಗಿದರು. ಜಮೀನ್ದಾರರು ಬೇಟೆಗೆಂದು ಮೀಸಲಿಟ್ಟುಕೊಂಡಿದ್ದ ಬೆಟ್ಟ ಅದು. ಕೆಲವರು ಜೈಲಿಗೂ ಹೋದರು. ಆ ಕಿಡಿ ಹೊತ್ತಿಸಿದ ಚರ್ಚೆ 2000ನೇ ಇಸವಿಯಲ್ಲಿ ಅಲ್ಲಿನ ಬಯಲು-ಬೆಟ್ಟಗಳಲ್ಲಿ ನಡೆಯುವ ಹಕ್ಕಿನ ಕಾಯ್ದೆಯವರೆಗೆ ಬಂತು. 2003ರಲ್ಲಿ ಸ್ಕಾಟ್ಲೆಂಡ್ ಇನ್ನೂ ವಿಶಾಲವಾದ ಹಕ್ಕು ಕೊಟ್ಟಿತು, ಜವಾಬ್ದಾರಿಯಿಂದ ನಡೆದುಕೊಳ್ಳಬೇಕು ಅನ್ನೋ ಷರತ್ತಿನೊಂದಿಗೆ. ಅಲ್ಲಿ ಆನೆ ಇಲ್ಲ, ಹುಲಿ ಇಲ್ಲ, ನಿಜ. ಅವರ ಕಾನೂನನ್ನು ಇಲ್ಲಿ ಹಾಗೇ ತಂದು ಅಂಟಿಸಲು ಆಗಲ್ಲ. ಆದರೆ ದಾರಿ ಅನ್ನೋದು ದಾನವಲ್ಲ, ಹಕ್ಕು ಅನ್ನೋ ತತ್ವಕ್ಕೆ ವೀಸಾ ಬೇಕಿಲ್ಲ.

ತಯಾರಿಯ ಪಂಚಾಂಗ

ಬೆಂಗಳೂರಿನ ಕೋಚ್‌ಗಳು ಕೊಡುವ 16 ವಾರದ ಟ್ರೇನಿಂಗ್ ಚಾರ್ಟು ಮಲೆನಾಡಿಗೆ ಬಂದರೆ ಒಂದೇ ವಾರದಲ್ಲಿ ಹರಿದು ಹೋಗುತ್ತೆ. ಇಲ್ಲಿನ ಪಂಚಾಂಗವೇ ಬೇರೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಹೊಳೆಗೆ ಇಳಿಯುವ ಮಾತೇ ಇಲ್ಲ. ದಾರಿಯಲ್ಲಿ ಉಂಬಳ, ಪಾಚಿ ಕಟ್ಟಿದ ಕಲ್ಲು. ಈ ಕಾಲದಲ್ಲಿ ನಮ್ಮ ಕಡೆ ನಡೆಯುವ ಕೆಸರುಗದ್ದೆ ಓಟವೇ ನಿಜವಾದ ಆಫ್‌ರೋಡ್ ಸ್ಪರ್ಧೆ. ಕೆಸರಿನಲ್ಲಿ ಮೊಣಕಾಲು ಎತ್ತಿ 100 ಮೀಟರ್ ಓಡಿದರೆ ಡಾಂಬರಿನ ಮೇಲಿನ ಒಂದು ಕಿಲೋಮೀಟರ್ ನೆನಪಾಗುತ್ತೆ. ಅಕ್ಟೋಬರ್, ನವೆಂಬರ್ ಚಿನ್ನದಂಥ ಕಾಲ: ಮಣ್ಣು ಗಟ್ಟಿ, ಗಾಳಿ ತಂಪು. ಆದರೆ ಅಡಿಕೆ ಕೊಯ್ಲು ಶುರು, ಅದು ಮುಗಿಯುವ ಮೊದಲೇ ಕಾಫಿ ಹಣ್ಣು. ತೋಟದ ಮನೆಯ ಹುಡುಗರಿಗೆ ಓಡೋಕೆ ಬಿಡುವೆಲ್ಲಿ? ಹಳದಿ ಎಲೆ ರೋಗ, ಎಲೆಚುಕ್ಕೆ ರೋಗದಿಂದ ಅಡಿಕೆ ತೋಟ ಕಳೆದುಕೊಳ್ಳುತ್ತಿರುವ ಮನೆಯಲ್ಲಿ ‘ಟ್ರಯಥ್ಲಾನ್’ ಅಂದರೆ ಬೈಗುಳ ಗ್ಯಾರಂಟಿ.

ಡಿಸೆಂಬರ್‌ನಿಂದ ಮೇವರೆಗೆ ಒಣಗಿದ ಕಾಡು ಓಟಕ್ಕೆ ಚೆಂದ. ಆದರೆ ಅದೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಈ ಕಾಯಿಲೆ ಕಾಡಿನ ಉಣ್ಣೆಯಿಂದ ಹರಡುತ್ತೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳಲ್ಲಿ ಇದರ ಭಯ ಇದೆ. ಹಳೆಯ ಲಸಿಕೆ ನಿಂತುಹೋಗಿದೆ, ಹೊಸದು ಇನ್ನೂ ಪ್ರಯೋಗದ ಹಂತದಲ್ಲಿದೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಉದ್ದ ಕಾಲ್ಚೀಲ ಎಳೆದುಕೊಂಡು ಓಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೈಯೆಲ್ಲ ಹುಡುಕಿಕೊಳ್ಳುವುದು ನನ್ನ ಕೂಲ್-ಡೌನ್. ಮಂಗ ಸತ್ತಿದೆ ಅನ್ನೋ ಸುದ್ದಿ ಬಂದ ಕಡೆ ನಾನು ಕಾಲಿಡಲ್ಲ. ನನಗೆ ಆ ಆಯ್ಕೆ ಇದೆ. ಅದೇ ಕಾಡಿಗೆ ದರಗು ಗುಡಿಸೋಕೆ ಹೋಗುವವರಿಗೆ ಇಲ್ಲ.

ಇನ್ನು ಆನೆ. ಓಟಗಾರರಿಗೆ ಇಷ್ಟದ ಹೊತ್ತು ನಸುಕು ಮತ್ತು ಸಂಜೆ. ಆನೆಗೂ ಅದೇ. ಪರಿಚಯದ ಹಿರಿಯರೊಬ್ಬರು ಒಂದು ಬೆಳಿಗ್ಗೆ ನನ್ನನ್ನು ನಿಲ್ಲಿಸಿ, ‘ಎಂತಕ್ಕೆ ಮಾರಾಯ ಕತ್ತಲಲ್ಲಿ ಓಡ್ತೀಯ? ಆನೆ ಬಂದ್ರೆ ನಿನ್ನ ವಾಚು ಹೇಳ್ತದಾ?’ ಅಂದಿದ್ದರು. ವಾಚು ಹೇಳಲ್ಲ. ಎಚ್ಚರಿಕೆಯ ಮೆಸೇಜು ಬರೋದು ಊರಿನ ವಾಟ್ಸಾಪ್ ಗುಂಪಿಗೆ, ಅದೂ ಯಾರೋ ಕಣ್ಣಾರೆ ಕಂಡ ಮೇಲೆ. ನರಸಿಂಹರಾಜಪುರ, ಬಾಳೆಹೊನ್ನೂರು ಭಾಗದಲ್ಲಿ, ಶೃಂಗೇರಿಯ ಕೆರೆಕಟ್ಟೆ ಕಡೆ ಕಾಡಾನೆ ತುಳಿತಕ್ಕೆ ಸತ್ತವರು ಓಟಗಾರರಲ್ಲ. ಕೆಲಸಕ್ಕೆ ಹೊರಟವರು, ಹುಲ್ಲು ಸೊಪ್ಪಿಗೆ ಹೋದವರು.

ಬಿದ್ದರೆ? ಕಾಲು ಮುರಿದರೆ ಕೊಪ್ಪದವರೆಗೆ ಸರಿ, ತಲೆಗೆ ಪೆಟ್ಟಾದರೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಓಡಬೇಕು, ನಡುವೆ ಘಾಟಿ. ಶೃಂಗೇರಿಯ ಯುವಕರು 100 ಹಾಸಿಗೆ ಆಸ್ಪತ್ರೆಗಾಗಿ ಬೀದಿಗಿಳಿದದ್ದು ಇದೇ ಕಾರಣಕ್ಕೆ. ರೇಸ್ ಆಯೋಜಕರು ‘ಮೆಡಿಕಲ್ ಎವಾಕ್ಯುಯೇಷನ್ ಪ್ಲಾನ್’ ಅಂತ ಒಂದು ಪುಟ ಬರೆಯುತ್ತಾರೆ. ನಮ್ಮ ಊರುಗಳಿಗೆ ಆ ಒಂದು ಪುಟವೂ ಇಲ್ಲ.

ಯಾರ ಬೆವರಿಗೆ ಪದಕ?

ಎಂಜಿನಿಯರಿಂಗ್ ಬಿಟ್ಟರೂ ಲೆಕ್ಕ ಬಿಟ್ಟಿಲ್ಲ. ನನ್ನ ತೂಕ 70 ಕೆ.ಜಿ., ಸೈಕಲ್ 14 ಕೆ.ಜಿ. ಒಟ್ಟು 84 ಕೆ.ಜಿ.ಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಗುರುತ್ವದ ವಿರುದ್ಧ ಬೇಕಾದ ಶಕ್ತಿ ಸುಮಾರು 82 ಕಿಲೋಜೌಲ್. ಈಗ 55 ಕೆ.ಜಿ. ತೂಕದ ಕಾರ್ಮಿಕರೊಬ್ಬರು 50 ಕೆ.ಜಿ. ಕಾಫಿ ಹಣ್ಣಿನ ಮೂಟೆ ಹೊತ್ತು ಇಳಿಜಾರಿನ ತೋಟದಲ್ಲಿ ದಿನವಿಡೀ ಹತ್ತಿದ್ದನ್ನು ಕೂಡಿಸಿ ಅದೇ 100 ಮೀಟರ್ ಅಂದುಕೊಳ್ಳಿ. ಸುಮಾರು 103 ಕಿಲೋಜೌಲ್. ನನ್ನದು ಸ್ಟ್ರಾವಾದಲ್ಲಿ ‘ಎಲಿವೇಷನ್ ಗೇನ್’ ಆಗಿ ಲೈಕು ಗಿಟ್ಟಿಸುತ್ತೆ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದ ಆ ಕೂಲಿಯ ಏರು ಯಾವ ಆ್ಯಪ್‌ನಲ್ಲೂ ದಾಖಲಾಗಲ್ಲ. ದುಡಿಮೆಯನ್ನು ಕ್ರೀಡೆ ಅಂತ ರೊಮ್ಯಾಂಟಿಕ್ ಮಾಡೋದು ನನ್ನ ಉದ್ದೇಶ ಅಲ್ಲ. ಸಂಜೆ ಆರಕ್ಕೆ ಬೆನ್ನು ನೋಯುವವರಿಗೆ ಬೇಕಿರುವುದು ಪದಕ ಅಲ್ಲ, ಕೂಲಿ ಮತ್ತು ವಿಶ್ರಾಂತಿ. ಹೇಳಬೇಕಾದ್ದು ಇಷ್ಟೆ: ಇಲ್ಲಿ ಸಾಮರ್ಥ್ಯದ ಕೊರತೆ ಇಲ್ಲ, ಬಿಡುವಿನ ಮತ್ತು ಅವಕಾಶದ ಹಂಚಿಕೆಯಲ್ಲಿ ಅನ್ಯಾಯ ಇದೆ.

ಅವಕಾಶ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ಉತ್ತರ ಕರ್ನಾಟಕದ ಸೈಕ್ಲಿಂಗ್ ನೋಡಿ. ವಿಜಯಪುರ, ಬಾಗಲಕೋಟೆಯ ಕ್ರೀಡಾ ನಿಲಯಗಳು, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ರೈತರ ಮಕ್ಕಳನ್ನು ರಾಷ್ಟ್ರೀಯ ಮಟ್ಟದ ಸೈಕ್ಲಿಸ್ಟ್‌ಗಳಾಗಿ ಮಾಡಿವೆ. ಗುಡ್ಡವೇ ಇರುವ ಮಲೆನಾಡಿನಲ್ಲಿ ಮೌಂಟೇನ್ ಬೈಕ್‌ಗೆ ಅಂಥದ್ದೊಂದು ನಿಲಯ ಯಾಕಿಲ್ಲ? 2006-07ರಲ್ಲಿ ಶುರುವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಒಳ್ಳೆಯದೇ, ಆದರೆ ಆ ಒಂದೇ ಗೇರಿನ ಸೈಕಲ್ಲು ನಮ್ಮ ಏರಿನಲ್ಲಿ ತಳ್ಳಿಕೊಂಡು ಹೋಗುವ ವಸ್ತು. ಕೋವಿಡ್ ಕಾಲದಲ್ಲಿ ಅದೂ ನಿಂತಿತು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಆದರೂ ಸ್ಪರ್ಧೆಗೆ ತಾಳುವ ಒಂದು ಮೌಂಟೇನ್ ಬೈಕ್ ಸಣ್ಣ ಹಿಡುವಳಿದಾರನ ಮನೆಗೆ ಹಸು ಕೊಂಡಷ್ಟೇ ದೊಡ್ಡ ನಿರ್ಧಾರ.

ಏನು ಮಾಡಬಹುದು?

ದೊಡ್ಡ ಸ್ಟೇಡಿಯಂ ಬೇಡ. ಅದರ ಶಂಕುಸ್ಥಾಪನೆಯ ಕಲ್ಲು ಮಾತ್ರ ಉಳಿಯೋದನ್ನು ನೋಡಿ ಸಾಕಾಗಿದೆ. ನಾಲ್ಕು ಕೆಲಸ ಸಾಕು.

ಒಂದು, ಪ್ರತಿ ಹೋಬಳಿಗೆ ಒಂದು ಕಲಿಕಾ ಕೆರೆ. ಆಳ ಅಳೆದು, ಹಗ್ಗ ಕಟ್ಟಿ, ಫೆಬ್ರವರಿಯಿಂದ ಮೇವರೆಗೆ ಊರಿನದೇ ಈಜುಗಾರರಿಗೆ ಸಂಬಳ ಕೊಟ್ಟು ಶಾಲೆ ಮಕ್ಕಳಿಗೆ ಕಲಿಸಲಿ. ಎಲ್ಲ ಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ.

ಎರಡು, ಗ್ರಾಮಸಭೆಯಲ್ಲಿ ಕಾಲುದಾರಿಗಳ ಪಟ್ಟಿ. ನಕಾಶೆಯ ಚುಕ್ಕಿ ಗೆರೆ ಮತ್ತು ಬಳಕೆಯ ದಾರಿ ಎರಡನ್ನೂ ಜಿಪಿಎಸ್ ಹಿಡಿದು ಗುರುತಿಸುವ ಕೆಲಸ ನಾಲ್ಕು ಕಾಲೇಜು ಹುಡುಗ ಹುಡುಗಿಯರು ಒಂದು ತಿಂಗಳಲ್ಲಿ ಮಾಡಬಲ್ಲರು. ಸೆಕ್ಷನ್ 4ರ ವಿಚಾರಣೆ ಬಾಕಿ ಇರುವ ಕಡೆ ಆ ಪಟ್ಟಿಯನ್ನೇ ಹಕ್ಕಿನ ಅರ್ಜಿಯಾಗಿ ಸಲ್ಲಿಸಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಕೂಡ ಗ್ರಾಮಸಭೆಯ ಶಿಫಾರಸಿನ ಮೇಲೆ ರಸ್ತೆಯಂಥ ಸೌಕರ್ಯಗಳಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತೆ.

ಮೂರು, ಆನೆ ಮತ್ತು ಮಂಗನ ಕಾಯಿಲೆಯ ಮಾಹಿತಿ ದಾರಿವಾರು ಸಿಗಲಿ. ಯಾವ ದಾರಿ ಇವತ್ತು ಮುಚ್ಚಿದೆ ಅನ್ನೋದು ಪಂಚಾಯಿತಿ ಬೋರ್ಡಿನಲ್ಲೂ ಫೋನಿನಲ್ಲೂ ಬರಲಿ. ವನ್ಯಜೀವಿಗೆ ಬಿಡಬೇಕಾದ ಹೊತ್ತು, ಬಿಡಬೇಕಾದ ತಿಂಗಳು ಇದ್ದರೆ ಬಿಡೋಣ. ಹಾಗೆ ಬಿಡುವ ನಿರ್ಧಾರದಲ್ಲಿ ಊರಿನ ಪಾಲೂ ಇರಲಿ.

ನಾಲ್ಕು, ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಈಗಾಗಲೇ ಮಲ್ನಾಡ್ ಅಲ್ಟ್ರಾದಂಥ ಟ್ರೇಲ್ ಓಟಗಳು ನಡೆಯುತ್ತಿವೆ. ಮುಂದೆ ಟ್ರಯಥ್ಲಾನ್‌ಗಳೂ ಬರಬಹುದು. ಇಂಥ ಯಾವುದೇ ಸ್ಪರ್ಧೆಗೆ ಅನುಮತಿ ಕೊಡುವಾಗ ಪಂಚಾಯಿತಿಗೆ ಶುಲ್ಕದ ಪಾಲು, ಸ್ಥಳೀಯರಿಗೆ ಉಚಿತ ಪ್ರವೇಶದ ಕೋಟಾ ಕಡ್ಡಾಯ ಆಗಲಿ. ಊರಿನ ಹುಡುಗರು ನೀರಿನ ಲೋಟ ಹಿಡಿದು ದಾರಿ ಬದಿ ನಿಲ್ಲೋದಷ್ಟೇ ಆದರೆ ಅದು ಕ್ರೀಡೆ ಅಲ್ಲ, ಕ್ಯಾಟರಿಂಗ್.

ಇವುಗಳಲ್ಲಿ ಎರಡನೆಯದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ನಿಮ್ಮೂರಿನ ಗ್ರಾಮ ನಕಾಶೆಯ ಪ್ರತಿಗೆ ಅರ್ಜಿ ಹಾಕಿ. ಚುಕ್ಕಿ ಗೆರೆಗಳನ್ನು ಎಣಿಸಿ. ಒಂದು ಭಾನುವಾರ ನಾಲ್ಕು ಜನ ಸೇರಿ ಆ ಗೆರೆಯ ಮೇಲೆ ನಡೆದು ನೋಡಿ, ಎಲ್ಲಿ ಬೇಲಿ ಅಡ್ಡ ಬಂತು ಅಂತ ಬರೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಟೇಬಲ್ ಮೇಲೆ ಇಡಿ. ಓಡುವುದು ಆಮೇಲೆ ನೋಡಿಕೊಂಡರಾಯ್ತು.